ಮಾತಿಲ್ಲ, ಹಾಡೂ ಇಲ್ಲ

ಆ ಸಿನೆಮಾ ಆರಿಸಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಯಾರ ಮೇಲೂ ಹಾಕುವುದು ಬೇಡ.

ಊರೂರು ತಿರುಗುವ ತಂಬು ಸಿನೆಮಾದಲ್ಲಿ ನಾನು ಆಪರೇಟರ್. ಮಷೀನು ನಡೆಸುವುದು ನನ್ನ ಕೆಲಸ. ಸೇಡಂನಲ್ಲಿ ಒಂದು ತಿಂಗಳು ಆಡಿಸಿ ಮುಗಿಸಿದ್ದೆವು. ಮುಂದಿನ ಊರು ಶಹಾಬಾದ. ಹೊಸ ಸಿನೆಮಾ ತರಲು ಯಾವಾಗಲೂ ಮಾಲಕರೇ ಹೈದರಾಬಾದಿಗೆ ಹೋಗುತ್ತಿದ್ದರು. ಈ ಸಲ ಅವರಿಗೆ ಜ್ವರ ಬಂದು ಮಲಗಿದರು. ನನ್ನನ್ನು ಕರೆದರು.

“ನೀ ಹೋಗಿ ಬಾ. ಹೆಸರು ಗಿಸರು ಕೇಳಬ್ಯಾಡ, ಪ್ರಿಂಟ್ ನೋಡು. ಹೋದ ಸಲದಂಗ ಹತ್ತತ್ತು ಮಿನಿಟಿಗೊಮ್ಮೆ ಹರಕೋತ ಕುಂತ್ರ ಜನ ತಂಬು ಸುಡ್ತಾರ.”

ಹೋದೆ. ಸಿನೆಮಾ ಬಾಡಿಗೆ ಕೊಡುವ ಆಫೀಸಿನಲ್ಲಿ ಗುಮಾಸ್ತ ಮೂರು ಪೆಟ್ಟಿಗೆ ತೆಗೆದು ಮುಂದಿಟ್ಟ. ಫಿಲ್ಮಿನ ಎರಡೂ ಅಂಚಿಗೆ ತೂತುಗಳ ಸಾಲು ಇರುತ್ತದೆ. ಮಷೀನಿನ ಹಲ್ಲು ಆ ತೂತಿಗೆ ಸಿಕ್ಕಿ ಫಿಲ್ಮನ್ನು ಕೆಳಗೆ ಎಳೆಯುತ್ತದೆ. ತೂತು ಸವೆದಿದ್ದರೆ ಫಿಲ್ಮು ಹರಿಯುತ್ತದೆ. ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಓಡಿಸಿದರೆ ಗೊತ್ತಾಗುತ್ತದೆ. ಮೊದಲನೇ ಪೆಟ್ಟಿಗೆಯ ಫಿಲ್ಮು ಮುಳ್ಳಿನ ಹಾಗಿತ್ತು. ಎರಡನೆಯದರಲ್ಲಿ ಒಂದೇ ರೀಲಿಗೆ ಇಪ್ಪತ್ತು ಕಡೆ ಜೋಡಣೆ. ಮೂರನೆಯದರ ಅಂಚು ಹೊಸ ಚಾಕುವಿನಂತೆ ನುಣ್ಣಗಿತ್ತು. ಒಂದು ಜೋಡಣೆ ಇಲ್ಲ, ಒಂದು ಗೀರು ಇಲ್ಲ.

“ಹಾಡು ಅದಾವೇನ್ರಿ?” ಎಂದು ಕೇಳಿದೆ.

“ಮ್ಯೂಸಿಕ್ ಬಹುತ್ ಅಚ್ಛಾ ಹೈ,” ಎಂದ ಗುಮಾಸ್ತ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಚಿತ್ರದ ಪಕ್ಕದಲ್ಲಿ ಗರಗಸದ ಹಲ್ಲಿನಂಥ ಸಣ್ಣ ಪಟ್ಟಿ ಓಡುತ್ತದಲ್ಲ, ಅದೇ ಆವಾಜು, ಅಂದರೆ ಸದ್ದು. ಅದೂ ಇತ್ತು. ಇನ್ನೇನು ಬೇಕು? ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ ಏನೋ ಚೀಟಿ ಅಂಟಿಸಿದ್ದರು. ನನಗೆ ಎರಡೂ ಓದಲು ಬರುವುದಿಲ್ಲ. ಓದಿಸಿಕೊಳ್ಳಲೂ ಇಲ್ಲ. ಇಷ್ಟು ಒಳ್ಳೆಯ ಪ್ರಿಂಟು ಯಾರೂ ಯಾಕೆ ಒಯ್ದಿಲ್ಲ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನಸೀಬು ಎಂದುಕೊಂಡೆ.

ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಬಂದೆ. ಅಷ್ಟರಲ್ಲಿ ನಮ್ಮವರು ತಂಬು ಹಾಕಿದ್ದರು. ಶಹಾಬಾದಿನಲ್ಲಿ ಗೂಟ ಹೊಡೆಯಲು ಬರುವುದಿಲ್ಲ. ಗೇಣು ಮಣ್ಣಿನ ಕೆಳಗೆ ಫರ್ಷಿ ಕಲ್ಲು. ಅದಕ್ಕೆ ಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗಗಳನ್ನು ಅದಕ್ಕೇ ಕಟ್ಟುತ್ತೇವೆ. ಮಷೀನಿನ ಕಾಲಿನ ಕೆಳಗೂ ಎರಡು ಚಪ್ಪಡಿ ಹಾಕಿದರು. ಕದಲದೆ ನಿಂತಿತು.

ಮಾಲಕರು ಜ್ವರದಿಂದ ಎದ್ದಿದ್ದರು. ಅವರೇ ಬಂದು ಫಿಲ್ಮಿನ ಅಂಚು ಮುಟ್ಟಿ ನೋಡಿ, “ಭೇಷ್” ಎಂದರು. ಸಂಜೆಯ ತನಕ ಕರೆಂಟಿನ ಎಂಜಿನು ಹಚ್ಚುವುದಿಲ್ಲ, ಎಣ್ಣೆ ಖರ್ಚು. ಹೀಗಾಗಿ ಮೊದಲೇ ಓಡಿಸಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಗೇಟು ಕಾಯುವ ಮಾಸ್ತರರು ಟಾಂಗಾದಲ್ಲಿ ಕುಳಿತು, ಹಲಗೆ ಬಾರಿಸಿಕೊಂಡು ಊರೆಲ್ಲ ಕೂಗಿ ಬಂದರು. ಅವರು ಮೊದಲು ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದವರು. ಕಂಠ ಗಟ್ಟಿ. “ಮಾತು, ಹಾಡು, ಕುಣಿತ, ಹೊಡೆದಾಟ! ಬರ್ರಿ, ನೋಡ್ರಿ!” ಎಂದು ಸ್ಟೇಷನ್ನಿನಿಂದ ಕಲ್ಲಿನ ಗಣಿಯ ತನಕ ಕೂಗಿದ್ದರು. ಅವರ ತಪ್ಪಲ್ಲ. ಪ್ರತಿ ಸಿನೆಮಾಕ್ಕೂ ಅದನ್ನೇ ಕೂಗುತ್ತಿದ್ದರು.

ಮೊದಲ ದಿನ ತಂಬು ತುಂಬಿತು. ಹಿಂದೆ ಕುರ್ಚಿಗಳಲ್ಲಿ ರೈಲ್ವೆಯವರು, ಸಿಮೆಂಟ್ ಕಾರ್ಖಾನೆಯವರು. ಮುಂದೆ ನೆಲದ ಮೇಲೆ ಗಣಿಯ ಜನ. ಎಡಕ್ಕೆ ಅಡ್ಡ ಪರದೆ, ಆಚೆ ಹೆಂಗಸರು. ನಾನು ಕಾರ್ಬನ್ ಕಡ್ಡಿ ಹಚ್ಚಿ, ಬೆಳಕು ಬಿಳಿಯಾದ ಮೇಲೆ ಮಷೀನು ಬಿಟ್ಟೆ. ಸಂಗೀತ ಬಂತು. ಚೆನ್ನಾಗಿತ್ತು. ಪರದೆಯ ಮೇಲೆ ಒಂದು ಶಹರದ ಗಲ್ಲಿ, ಒಬ್ಬ ಬೀಗ ರಿಪೇರಿಯವನ ಸಣ್ಣ ಅಂಗಡಿ. ಗಿರಾಕಿ ಬಂದ, ಬೀಗ ಕೊಟ್ಟ, ಹೋದ. ಮಾತಾಡಲಿಲ್ಲ. ಎದುರಿನ ಖಾನಾವಳಿಯಲ್ಲಿ ಪಾತ್ರೆ ತೊಳೆಯುವ ಹೆಂಗಸು ನೀರು ಚೆಲ್ಲಲು ಬಾಗಿಲಿಗೆ ಬಂದಳು, ಅವನನ್ನು ನೋಡಿದಳು. ಮಾತಾಡಲಿಲ್ಲ.

ಐದು ಮಿನಿಟು ಜನ ತಾಳಿದರು. ಆಮೇಲೆ ಒಬ್ಬ ಕೂಗಿದ. “ಆವಾಜ್!”

ನೂರು ಜನ ಕೂಗಿದರು. “ಆವಾಜ್! ಆವಾಜ್!”

ನನಗೂ ಹಾಗೇ ಅನ್ನಿಸಿತು, ಆವಾಜು ಹೋಗಿದೆ ಎಂದು. ಮಷೀನು ನಿಲ್ಲಿಸಿ ಆವಾಜಿನ ಬಲ್ಬು ಬದಲಿಸಿದೆ. ಬಿಟ್ಟೆ. ಅದೇ ಕಥೆ. ಮತ್ತೆ ನಿಲ್ಲಿಸಿ ಆಂಪ್ಲಿಫೈಯರಿನ ವಾಲ್ವುಗಳನ್ನು ಒಂದೊಂದಾಗಿ ಒತ್ತಿ ನೋಡಿದೆ, ಭೋಂಗಾದ, ಅಂದರೆ ಲೌಡ್ ಸ್ಪೀಕರಿನ, ವೈರು ತೆಗೆದು ಸಿಕ್ಕಿಸಿದೆ. ಬಿಟ್ಟೆ. ಬೀಗದಲ್ಲಿ ಕೀಲಿ ತಿರುಗಿದ್ದು ಕಟಕ್ ಎಂದು ಕೇಳಿಸಿತು. ಪಾತ್ರೆ ಬಿದ್ದದ್ದು ಕೇಳಿಸಿತು. ಮಾತು ಮಾತ್ರ ಇಲ್ಲ. ಕೀಲಿಯ ಸದ್ದು ಬರುವ ಮಷೀನಿಗೆ ಮನುಷ್ಯರ ಮಾತು ಹೇಗೆ ಬರುವುದಿಲ್ಲ? ನನ್ನ ತಲೆ ಕೆಟ್ಟುಹೋಯಿತು.

ಎಂಜಿನು ನೋಡಿಕೊಳ್ಳುವ ಚಾಚಾ ಹಿಂದಿನಿಂದ ಬಂದರು. ಪರದೆ ನೋಡಿದರು. ನಿಧಾನಕ್ಕೆ ಹೇಳಿದರು: “ಬೇಟಾ, ಮಷೀನ್ ಮುಟ್ಟಬ್ಯಾಡ. ಅವರ ತುಟೀನೇ ಅಲುಗಾಡವಲ್ಲವು. ಮಾತಾಡಿದ್ರಲ್ಲಾ ಆವಾಜ್ ಬರೋದು?”

ಆಗ ತಿಳಿಯಿತು. ಈಗಿನ ಕಾಲದಲ್ಲೂ ಬೇಕೆಂದೇ ಮಾತಿಲ್ಲದೆ ಸಿನೆಮಾ ಮಾಡುತ್ತಾರೆ ಎಂದು ನಾನು ಕೇಳಿರಲಿಲ್ಲ.

ಎರಡನೇ ರೀಲಿಗೆ ಕಲ್ಲು ಬಿತ್ತು. ಆ ಊರಿನಲ್ಲಿ ಕಲ್ಲಿಗೇನು ಬರ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಗಣಿಯ ಒಬ್ಬ ಮುಕಾದಮ. ಐವತ್ತು ಆಳುಗಳ ಮೇಲಿನ ಮೇಸ್ತ್ರಿ ಅವನು, ಕಿವಿ ಸ್ವಲ್ಪ ಮಂದ. ಬಂಡೆಗೆ ಮದ್ದಿಟ್ಟು ಸುರಂಗ ಹಾರಿಸುವ ಕೆಲಸದಲ್ಲಿ ಬಹಳ ಜನಕ್ಕೆ ಹಾಗಾಗುತ್ತದೆ. ಎದ್ದು ನಿಂತು ನನ್ನ ಕ್ಯಾಬಿನ್ನಿನ ಕಿಂಡಿಗೆ ಮುಖ ಮಾಡಿ, “ಏ ಆಪರೇಟರ್ ಮಗನ, ನಾನಷ್ಟೇ ಕಿವುಡ ಅಂದುಕೊಂಡಿದ್ದೆ, ಊರಿಗೆ ಊರೇ ಕಿವುಡ ಮಾಡಿದೆಲ್ಲೋ!” ಎಂದ. ನಕ್ಕರು. ನಕ್ಕವರೇ ತಂಬಿನ ಒಂದು ಗೋಡೆ ಹರಿದರು. ಮಾಲಕರು ಕುರ್ಚಿ ಮೇಲೆ ಹತ್ತಿ, ನಾಳೆ ಇದೇ ಟಿಕೆಟಿಗೆ ಎಲ್ಲರನ್ನೂ ಬಿಡುತ್ತೇವೆ ಎಂದು ಕೈ ಮುಗಿದ ಮೇಲೆ ಜನ ಹೋದರು.

ಪೊಲೀಸ್ ಜಮಾದಾರ ಬಂದ. ನಮ್ಮ ಪರವಾನಗಿ ಚಿತ್ತಾಪುರದ ತಾಲೂಕು ಕಚೇರಿಯದು. “ಇನ್ನೊಂದ್ ಸಲ ಕಲ್ಲು ಬಿದ್ರ ಚಿತ್ತಾಪುರಕ್ಕ ಬರದು ಹಾಕ್ತೀನಿ. ಮರುದಿನ ತಂಬು ಇರಂಗಿಲ್ಲ ಇಲ್ಲಿ,” ಎಂದು ಹೇಳಿ ಹೋದ.

ಮಾಲಕರು ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಕೇಳಿದಿಲ್ಲ? ಇನ್ನೊಂದ್ ಸಲ ಕಲ್ಲು ಬಿದ್ರ ತಂಬು ಹೋಗ್ತದ. ತಂಬಿಗಿಂತ ಮೊದಲ ನೀ ಹೋಗ್ತಿ.”

“ಹ್ಞೂಂರಿ, ಸಾವ್ಕಾರ್ರ.”

ಆ ಮಷೀನಿನ ಹತ್ತಿರ ನಿಲ್ಲಲು ನಾನು ನಾಲ್ಕು ವರ್ಷ ಹಗ್ಗ ಎಳೆದಿದ್ದೇನೆ. ಬಿಟ್ಟು ಹೋಗು ಎಂದರೆ ಎಲ್ಲಿಗೆ ಹೋಗಲಿ? ಹಗ್ಗ ಎಳೆಯುವ ಕೆಲಸ ಬೇರೆ ಕಡೆಯೂ ಸಿಕ್ಕೀತು. ಮಷೀನು ಸಿಗುವುದಿಲ್ಲ.

ಹೈದರಾಬಾದಿನಿಂದ ಬೇರೆ ಸಿನೆಮಾ ಬರಲು ಒಂದು ವಾರವಾದರೂ ಬೇಕು. ಅಲ್ಲಿಯ ತನಕ ಇದನ್ನೇ ನಡೆಸಬೇಕು. ಮಾಲಕರು ಒಂದು ಉಪಾಯ ಹೇಳಿದರು. ಮಾಸ್ತರರು ಮೈಕು ಹಿಡಿದು ಪರದೆಯ ಪಕ್ಕ ನಿಂತು, ಪಾತ್ರಗಳ ಮಾತನ್ನೆಲ್ಲ ತಾವೇ ಹೇಳುವುದು. ಅದಕ್ಕೆ ಮಾಸ್ತರರಿಗೆ ಕಥೆ ಗೊತ್ತಾಗಬೇಕು. ಕಥೆ ಯಾರಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ನಾನು ಫಿಲ್ಮು ಸುತ್ತುವ ಮೇಜಿನ ಮುಂದೆ ಕುಳಿತೆ. ಬಿಸಿಲಿಗೆ ಒಂದು ಕನ್ನಡಿ ಇಟ್ಟು, ಬೆಳಕು ಫಿಲ್ಮಿನ ಕೆಳಗಿನಿಂದ ಬೀಳುವಂತೆ ಮಾಡಿ, ಕೈಯಿಂದ ಸುತ್ತುತ್ತಾ ಏಳೂ ರೀಲು ನೋಡಿದೆ. ನೋಡಿದ್ದನ್ನು ಮಾಸ್ತರರಿಗೆ ಹೇಳಿದೆ. ಕಥೆ ಇಷ್ಟೇ. ಆ ಹೆಂಗಸು ಒಂದು ಸಣ್ಣ ಟ್ರಂಕು ತರುತ್ತಾಳೆ. ಅದರ ಕೀಲಿ ಕಳೆದಿದೆ. ಬೀಗ ತೆಗೆದು ಕೊಡು ಎಂದು ಬಿಟ್ಟು ಹೋಗುತ್ತಾಳೆ. ಬೀಗದವನು ಒಬ್ಬನೇ ಇದ್ದಾಗ ತೆಗೆಯುತ್ತಾನೆ. ಒಳಗಿದ್ದುದನ್ನೆಲ್ಲ ಗೆದ್ದಲು ತಿಂದು ಮಣ್ಣು ಮಾಡಿದೆ. ಏನಿತ್ತೋ ಗೊತ್ತಾಗುವುದಿಲ್ಲ. ಮಣ್ಣನ್ನೆಲ್ಲ ಹೊರಗೆ ಝಾಡಿಸಿ, ಖಾಲಿ ಟ್ರಂಕಿಗೆ ಬೀಗ ಮತ್ತೆ ಹಾಕುತ್ತಾನೆ. ಅವಳು ಬಂದಾಗ ಕೈ ಅಲ್ಲಾಡಿಸುತ್ತಾನೆ, ಈ ಬೀಗ ತೆಗೆಯಲು ಬರುವುದಿಲ್ಲ ಎಂದು. ಅವಳು ಟ್ರಂಕು ತಲೆಯ ಮೇಲೆ ಇಟ್ಟುಕೊಂಡು ಹೋಗುತ್ತಾಳೆ. ಮುಗಿಯಿತು.

“ಹೊಡೆದಾಟ?” ಎಂದರು ಮಾಸ್ತರರು.

“ಇಲ್ರಿ.”

“ಮದಿವಿ?”

“ಇಲ್ರಿ.”

“ಹೋಗ್ಲಿ ಬಿಡು, ನಾ ಹಾಕ್ತೀನಿ,” ಎಂದರು.

ಎರಡನೇ ದಿನ ಹಾಗೇ ನಡೆಯಿತು. ಮಾಸ್ತರರು ಜರಿ ರುಮಾಲು ಸುತ್ತಿಕೊಂಡು ಬಂದು ಮೈಕು ಹಿಡಿದರು. ಮೊದಲ ರೀಲು ಜನ ಸುಮ್ಮನೆ ಕೇಳಿದರು. ಬೀಗದವನಿಗೆ ರಾಜನ ದನಿ, ಹೆಂಗಸಿಗೆ ಸಣ್ಣ ದನಿ. “ಹೇ ಸುಂದರಾಂಗಿ, ನಿನ್ನ ಪೆಟ್ಟಿಗೆಯ ರಹಸ್ಯವೇನು?” ಎಂದು ನಾಟಕದ ಭಾಷೆ. ತೆಲುಗಿನವರು, ಉರ್ದು ಜನ, “ಏನಂದ, ಏನಂದ?” ಎಂದು ಪಕ್ಕದವರನ್ನು ಕೇಳತೊಡಗಿದರು. ಅವರು ಹೇಳುವುದರೊಳಗೆ ಮಾಸ್ತರರು ಮುಂದಕ್ಕೆ ಹೋಗಿರುತ್ತಿದ್ದರು. ತಂಬೆಲ್ಲ ಗುಜುಗುಜು.

ಮೂರನೇ ರೀಲಿನ ನಡುವೆ ಮಾಸ್ತರರಿಗೆ ಕೆಮ್ಮು ಬಂತು. ಮೈಕು ಇಟ್ಟು ನೀರು ಕುಡಿಯಲು ಹೊರಗೆ ಹೋದರು. ಪರದೆಯ ಮೇಲೆ ಬೀಗದವನು ಒಂದು ದೊಡ್ಡ ಬೀಗ ಪರೀಕ್ಷೆ ಮಾಡಲು ಹೋಗಿ ತನ್ನದೇ ಅಂಗಡಿಯೊಳಗೆ ಸಿಕ್ಕಿಹಾಕಿಕೊಂಡ. ಕೀಲಿ ಹೊರಗಿದೆ. ಹೊರಗಿದ್ದ ಗಿರಾಕಿ ಆ ಕೀಲಿ ತೆಗೆದುಕೊಂಡು, ಚೌಕಾಸಿ ಮಾಡುವವನಂತೆ ಬೆರಳು ತೋರಿಸುತ್ತಾನೆ.

ಜನ ನಕ್ಕರು. ನಾನು ಕ್ಯಾಬಿನ್ನಿನಲ್ಲಿ ತಟ್ಟನೆ ತಲೆ ಎತ್ತಿದೆ.

ಯಾಕೆಂದು ಹೇಳುತ್ತೇನೆ. ಕ್ಯಾಬಿನ್ನಿನಲ್ಲಿ ನಿಂತವನಿಗೆ ಜನರ ಮುಖ ಕಾಣುವುದಿಲ್ಲ, ನಗು ಕೇಳುತ್ತದೆ. ನಮ್ಮ ತಂಬಿನಲ್ಲಿ ನಗು ಯಾವಾಗಲೂ ಎರಡು ಸಲ ಬರುತ್ತದೆ. ಮೊದಲು ಕುರ್ಚಿಯವರು ನಗುತ್ತಾರೆ, ಅವರಿಗೆ ಹಿಂದಿ ಮಾತು ತಿಳಿಯುತ್ತದೆ. ನೆಲದವರು ಪಕ್ಕದವರನ್ನು ಕೇಳಿ ಆಮೇಲೆ ನಗುತ್ತಾರೆ. ಕೆಲವು ಸಲ ಏನೂ ತಿಳಿಯದಿದ್ದರೂ ಅವರು ನಕ್ಕರಲ್ಲ ಎಂದು ನಗುತ್ತಾರೆ. ನಾನೂ ಹಾಗೆ ಬಹಳ ಸಲ ನಕ್ಕಿದ್ದೇನೆ. ಆವತ್ತು ನಗು ಒಂದೇ ಸಲಕ್ಕೆ ಬಂತು. ಕುರ್ಚಿ, ನೆಲ, ಹೆಂಗಸರ ಕಡೆ, ಎಲ್ಲ ಒಟ್ಟಿಗೆ. ಹಿಂದೆಂದೂ ನಾನು ಅಂಥ ನಗು ಕೇಳಿರಲಿಲ್ಲ.

ಮಾಸ್ತರರು ನೀರು ಕುಡಿದು ಬಂದರು. ಮತ್ತೆ ಶುರು ಮಾಡಿದರು. ಮತ್ತೆ ಗುಜುಗುಜು.

ಐದನೇ ರೀಲಿನಲ್ಲಿ ಕೆಟ್ಟಿತು. ಮಾಸ್ತರರಿಗೆ ನಾಟಕದ ಅಭ್ಯಾಸ. ಜನರಿಗೆ ಬೆನ್ನು ತೋರಿಸುವುದಿಲ್ಲ. ಹೀಗಾಗಿ ಪರದೆಗೆ ಬೆನ್ನು ಮಾಡಿ ನಿಂತಿದ್ದರು. ಹಿಂದೆ ಏನು ನಡೆಯುತ್ತಿದೆ ಎಂದು ನೋಡುತ್ತಲೇ ಇರಲಿಲ್ಲ. ಪರದೆಯಲ್ಲಿ ಬೀಗ ತೆರೆದುಕೊಂಡಿತು, ಟ್ರಂಕಿನ ಮುಚ್ಚಳ ಎದ್ದಿತು. ಮಾಸ್ತರರು ಇತ್ತ ಎದೆ ಬಡಿದುಕೊಂಡು, “ಅಯ್ಯೋ, ಎಷ್ಟು ಯತ್ನಿಸಿದರೂ ಬೀಗ ತೆಗೆಯಲಾಗಲಿಲ್ಲವಲ್ಲಾ!” ಎಂದು ಅಳುತ್ತಿದ್ದರು.

“ಮಾಸ್ತರ, ಹಿಂದ ನೋಡ್ರಿ! ತಗದಾನ!” ಎಂದ ಒಬ್ಬ.

“ಬಾಯಿ ಮುಚ್ಚರಿ, ನೋಡ್ಲಾಕ ಬಿಡ್ರಿ!” ಎಂದಳು ಹೆಂಗಸರ ಕಡೆಯಿಂದ ಒಬ್ಬಳು.

ಮಾಸ್ತರರಿಗೆ ಸಿಟ್ಟು ಬಂತು. ಕಥೆ ನನಗೆ ಗೊತ್ತೋ ನಿಮಗೆ ಗೊತ್ತೋ ಎಂದು ಮೈಕಿನಲ್ಲೇ ಜಗಳ ತೆಗೆದರು. ಬಾಳೆ ಸಿಪ್ಪೆ ಬಂದು ರುಮಾಲಿಗೆ ಬಿತ್ತು. ಕಲ್ಲು ಬೀಳಲಿಲ್ಲ ಅಷ್ಟೇ. ಹೇಗೋ ಮುಗಿಯಿತು.

ಆಮೇಲೆ ಮಾಲಕರು ಎರಡನೇ ಹುಕುಂ ಕೊಟ್ಟರು. ನಮ್ಮ ಹತ್ತಿರ ಒಂದು ಡಬ್ಬಿ ಇದೆ. ಹಳೇ ಸಿನೆಮಾಗಳಿಂದ ಕತ್ತರಿಸಿ ಇಟ್ಟುಕೊಂಡ ಹಾಡಿನ ತುಂಡುಗಳು. ಸಿನೆಮಾ ಸಪ್ಪಗಿದ್ದರೆ ನಡುವೆ ಒಂದು ಜೋಡಿಸಿ ಬಿಡುತ್ತೇವೆ. ತಿರುಗುವ ಕಂಪನಿಗಳೆಲ್ಲ ಮಾಡುತ್ತವೆ.

“ಸುಮ್ಮ ಕುಂತ ಜಾಗಾ ಎಲ್ಲಾ ಕಡದು ಒಗಿ. ಮೂರು ಹಾಡು ಜೋಡಸು. ನಾಳಿ ನಾ ವಾಡಿಗಿ ಹೋಗಿ ಹೈದರಾಬಾದಿಗಿ ತಾರ ಕೊಟ್ಟು ಬರ್ತೀನಿ. ಸಂಜಿ ಗಾಡಿಗಿ ಬರೂದ್ರೊಳಗ ಆಗಿರಬೇಕು.”

“ಹ್ಞೂಂರಿ” ಎಂದೆ.

ಮೂರನೇ ದಿನ ಬೆಳಿಗ್ಗೆ ಬ್ಲೇಡು, ಅಂಟು, ಹಾಡಿನ ಡಬ್ಬಿ ಮೇಜಿನ ಮೇಲೆ ಇಟ್ಟುಕೊಂಡೆ. ಜೋಡಿಸುವುದು ಕಷ್ಟದ ಕೆಲಸವಲ್ಲ. ಒಂದು ತುದಿಯಲ್ಲಿ ಚಿತ್ರ ಮೂಡಿರುವ ಮಸಾಲೆಯ ಲೇಪ ಕೆರೆದು ಅಂಟು ಹಚ್ಚಿ, ಇನ್ನೊಂದು ತುದಿ ಅದರ ಮೇಲಿಟ್ಟು ಒತ್ತಿ ಹಿಡಿದರೆ ಆಯಿತು. ಐದನೇ ರೀಲು ತೆಗೆದೆ. ಟ್ರಂಕು ತೆರೆದ ಮೇಲೆ ಇಪ್ಪತ್ತು ಅಡಿ ಫಿಲ್ಮಿನಲ್ಲಿ ಬೀಗದವನ ಕೈ ಬಿಟ್ಟರೆ ಬೇರೇನೂ ಇಲ್ಲ. ಮಣ್ಣಿನಲ್ಲಿ ಬೆರಳು ಆಡಿಸುತ್ತಾನೆ. ಬೆರಳು ನಿಲ್ಲುತ್ತದೆ. ಮಾಲಕರ ಲೆಕ್ಕದಲ್ಲಿ ಇದೇ ಸುಮ್ಮನೆ ಕುಂತ ಜಾಗ. ಇಲ್ಲಿ ಕಡಿದು ಹಾಡು ಹಾಕಬೇಕು.

ಫಿಲ್ಮಿನ ಮೇಲೆ ಬ್ಲೇಡು ಇಟ್ಟೆ. ನಿನ್ನೆಯ ನಗು ನೆನಪಾಯಿತು. ಈ ಜನ ನಿನ್ನೆ ಮಾಸ್ತರರಿಗೆ ಹಾಕಿದ ಕೂಗು ಸಿನೆಮಾಕ್ಕೆ ಹಾಕಿದ್ದಲ್ಲ. ಮೊದಲ ದಿನದ ಕೂಗೂ ಸಿನೆಮಾಕ್ಕಲ್ಲ. ಮಾತು, ಹಾಡು ಎಂದು ಕೂಗಿ ಕರೆದು, ಕೊಡದೆ ಇದ್ದದ್ದಕ್ಕೆ. ಗೋಧಿ ಎಂದು ಹೇಳಿ ಜೋಳ ಅಳೆದರೆ ಯಾರು ಸುಮ್ಮನಿರುತ್ತಾರೆ? ಜೋಳವೇನು ಕೆಟ್ಟದ್ದಲ್ಲ. ಜೋಳ ಎಂದು ಹೇಳಬೇಕಿತ್ತು.

ಹಾಡಿನ ಡಬ್ಬಿ ಮುಚ್ಚಿ ಎಂಜಿನ್ನಿನ ಹತ್ತಿರ ಹೋದೆ.

“ಚಾಚಾ, ಇವತ್ತ ಹಂಗೇ ಬಿಡ್ತೀನಿ. ಹಾಡಿಲ್ಲ, ಮಾಸ್ತರಿಲ್ಲ.”

ಚಾಚಾ ಎಣ್ಣೆಯ ಕೈ ಒರೆಸಿಕೊಂಡರು. “ಕಲ್ಲು ಬಿದ್ರ?”

“ಹೋಗ್ತೀನಿ. ಹಾಡು ಹಾಕಿದ್ರೂ ಬೀಳ್ತಾವ. ಯಾರದೋ ಹಾಡು, ಇನ್ಯಾರದೋ ಮುಖ. ಅದಕೂ ಬೀಳ್ತಾವ.”

“ಮಾಲಕರು ಇಲ್ಲದಾಗ ಮಾಡೋದು ಠೀಕ್ ಅಲ್ಲ.”

“ಇದ್ದಾಗ ಮಾಡ್ಲಾಕ ಬಿಡ್ತಾರೇನು?”

ಚಾಚಾ ಬೀಡಿ ಹಚ್ಚಿದರು. ಬೇಡ ಎನ್ನಲಿಲ್ಲ.

ಮಾಸ್ತರರಿಗೆ ಹೇಳಿದೆ, ಟಾಂಗಾದಲ್ಲಿ ಹೋಗಿ ಮಾತಿಲ್ಲದ ಸಿನೆಮಾ ಎಂದೇ ಕೂಗಿರಿ ಎಂದು. ಅವರಿಗೆ ನಿನ್ನೆಯದೇ ಇನ್ನೂ ಆರಿರಲಿಲ್ಲ. “ಇಲ್ಲದ್ದನ್ನ ಹೆಂಗಪಾ ಕೂಗ್ಲಿ? ಇದ್ದದ್ದು ಕೂಗಬಹುದು. ಇಲ್ಲದ್ದು ಕೂಗಿದ್ರ ಹುಚ್ಚ ಅಂತಾರ. ನಾ ಒಲ್ಲೆ,” ಎಂದರು. ಹೋಗಲಿ ಎಂದು ನಾನೇ ಟಾಂಗಾ ಹತ್ತಿದೆ. ಚಾಚಾ ಬಂದರು. ನಾನು ಕನ್ನಡದಲ್ಲಿ, ಅವರು ಉರ್ದುವಿನಲ್ಲಿ.

ನನಗೆ ಕಂಠವಿಲ್ಲ, ಅಲಂಕಾರದ ಮಾತೂ ಬರುವುದಿಲ್ಲ. ಹೀಗೆ ಕೂಗಿದೆ: “ಕೇಳ್ರಿ! ಈ ಸಿನೆಮಾದಾಗ ಮಾತಿಲ್ಲ. ಹಾಡೂ ಇಲ್ಲ. ಮೊದಲ್ನೇ ದಿನ ಅದಾವಂತ ಕೂಗಿದ್ದು ತಪ್ಪು. ಕಣ್ಣಿದ್ರ ಸಾಕು. ಮಾತು ಬೇಕಾದವರು ಬರಬ್ಯಾಡ್ರಿ!”

ಗಣಿಯ ಹತ್ತಿರ ಹೆಂಗಸರು ಬುಟ್ಟಿ ಇಳಿಸಿ ನಿಂತರು. ತಲೆಯ ಮೇಲೆ ಕಲ್ಲು ಹೊರುವ ಹೆಂಗಸರು.

“ಏ ತಮ್ಮಾ, ಬರಬ್ಯಾಡ ಅಂತ ಡಂಗುರ ಹೊಡೆಯೋನು ನೀನೊಬ್ಬನೇ ನೋಡು,” ಎಂದಳು ಒಬ್ಬ ದೊಡ್ಡಾಕೆ.

“ಬ್ಯಾಡಾದವರಿಗಿ ಹೇಳಿದೆಬೇ ಯವ್ವ. ನೀ ಬಾ.”

“ಆ ಮಾಸ್ತರ ಬರ್ತಾನೇನು ಬಡಬಡ ಮಾಡ್ಲಾಕ?”

“ಇಲ್ಲ.”

“ಹಂಗಂದ್ರ ಬರ್ತೀವಿ.”

ಮುಕಾದಮ ಸುರಂಗದ ಕಡೆಯಿಂದ ಬಂದ. ಚಾಚಾ ಅವನ ಕಿವಿಯ ಹತ್ತಿರ ಎರಡು ಸಲ ಹೇಳಿದರು. “ಮಾತಿಲ್ಲಾ?” ಎಂದು ಅವನು ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದ. “ನನ್ನಂಥವರಿಗಿ ಎಲ್ಲಾ ಸಿನೆಮಾನೂ ಹಂಗೇ ಅದ. ಇದರಾಗ ಹೊಸಾದೇನು?” ನಾನು ಟಾಂಗಾ ಮುಂದಕ್ಕೆ ಬಿಡಿಸಿದೆ.

ಸಂಜೆ ಮಾಲಕರು ಸ್ಟೇಷನ್ನಿನಿಂದ ಬರುವಾಗಲೇ ಯಾರೋ ಹೇಳಿದ್ದರು. ಕ್ಯಾಬಿನ್ನಿಗೆ ಬಂದರು. ನಾನು ಮೊದಲ ರೀಲು ಮಷೀನಿಗೆ ಹಾಕುತ್ತಿದ್ದೆ.

“ಹಾಡು?”

“ಹಾಕಿಲ್ರಿ.”

“ಟಾಂಗಾದಾಗ ಏನೇನೋ ಒದರಿ ಬಂದೀಯಂತಲ್ಲ?”

“ಇದ್ದದ್ದು ಹೇಳೀನ್ರಿ.”

ಅವರ ಮುಖ ಕೆಂಪಾಯಿತು. ಆದರೆ ಹೊರಗೆ ಜನ ಆಗಲೇ ಬಂದು ನಿಂತಿದ್ದರು. ಹಿಂದಕ್ಕೆ ಕಳಿಸುವ ಹಾಗಿರಲಿಲ್ಲ. “ನಿನ್ನ ಹಾಸಿಗಿ ಕಟ್ಟಿಡು,” ಎಂದು ಹೇಳಿ ಹೊರಗೆ ಹೋದರು. ಹಾಸಿಗೆ ಕಟ್ಟಲು ಪುರಸೊತ್ತಿರಲಿಲ್ಲ. ಕಾರ್ಬನ್ ಹಚ್ಚಿದೆ.

ಕುರ್ಚಿಗಳು ಅರ್ಧ ಖಾಲಿ. ಬಂದ ರೈಲ್ವೆಯವರಲ್ಲಿ ಮೂರು ಜನ ಎರಡನೇ ರೀಲಿಗೆ ಎದ್ದು ಹೋದರು. ನೆಲ ತುಂಬಿತ್ತು. ಜಮಾದಾರ ಬಾಗಿಲಲ್ಲೇ ನಿಂತಿದ್ದ. ಮೊದಲ ಹತ್ತು ಮಿನಿಟು ನಾನು ಪರದೆ ನೋಡಲೇ ಇಲ್ಲ. ಕಿವಿ ಕಿಂಡಿಗೆ ಕೊಟ್ಟು ನಿಂತಿದ್ದೆ, “ಆವಾಜ್” ಯಾವಾಗ ಬರುತ್ತದೆ ಎಂದು. ಬರಲಿಲ್ಲ. ಕೆಮ್ಮು, ಕೂಸಿನ ಅಳು, ಎಂಜಿನ್ನಿನ ಸದ್ದು. ಮೂರನೇ ರೀಲಿಗೆ ಆ ನಗು ಬಂತು, ನಿನ್ನೆಗಿಂತ ಜೋರಾಗಿ, ಒಂದೇ ಸಲಕ್ಕೆ.

ನಮ್ಮದು ಒಂದೇ ಮಷೀನು. ರೀಲು ಮುಗಿದಾಗಲೆಲ್ಲ ದೀಪ ಹಚ್ಚಿ ಇನ್ನೊಂದು ಹಾಕಬೇಕು. ಮೂರು ಮಿನಿಟು. ಬೇರೆ ಸಿನೆಮಾದಲ್ಲಿ ಆ ಹೊತ್ತಿಗೆ ಜನ ಶಿಳ್ಳೆ ಹೊಡೆಯುತ್ತಾರೆ, ಶೇಂಗಾ ಕೊಳ್ಳುತ್ತಾರೆ. ಆವತ್ತು ದೀಪ ಹತ್ತಿದ ಕೂಡಲೇ ಮಾತು ಶುರುವಾಗುತ್ತಿತ್ತು. ಐದನೇ ರೀಲಾದ ಮೇಲೆ ಹೆಂಗಸರ ಕಡೆ ದೊಡ್ಡ ಜಗಳವೇ ಆಯಿತು.

“ಸುಳ್ಳ ಹೇಳ್ತಾನ ನೋಡು ಈಗ, ಮುಖ ನೋಡಿದ್ರ ತಿಳೀತದ.”

“ಹೇಳಬಾರದು. ಆಕಿ ಪೆಟ್ಟಿಗಿ, ಆಕಿಗಿ ಖರೇ ಹೇಳಬೇಕು.”

“ಚೆಪ್ಪಕಪೋವಡಮೇ ಮಂಚಿದಿ,” ಎಂದಳು ತೆಲುಗಿನವಳು. ಹೇಳದಿರುವುದೇ ಒಳ್ಳೆಯದು ಎಂದು. ಒಬ್ಬೊಬ್ಬರದು ಒಂದೊಂದು ಭಾಷೆ, ಆದರೆ ಏನಾಯಿತು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಎಲ್ಲರೂ ನೋಡಿದ್ದರು. ಹೇಳಬೇಕೋ ಬೇಡವೋ ಎಂಬುದಷ್ಟೇ ಜಗಳ.

ಮುಕಾದಮ ಎದ್ದು ನನ್ನ ಕಿಂಡಿಗೆ ಬಂದ. ನಾನು ಆರನೇ ರೀಲು ಹಿಡಿದು ನಿಂತಿದ್ದೆ.

“ಅವ ಖರೇನೇ ತಗದಿದ್ದ, ಹೌದಿಲ್ಲೋ?”

“ನೀವೇ ನೋಡಿದ್ರಲ್ರೀ.”

“ನೋಡಿದೆ. ಬಾಜೂಕಿನವರಿಗಿ ಕೇಳಲಾರದ ನೋಡಿದೆ,” ಎಂದ. ಹೋಗಿ ಕುಳಿತ. ಬೆಳಿಗ್ಗೆ ಕೇಳಿದ್ದಕ್ಕೆ ಅವನೇ ಉತ್ತರ ಹೇಳಿದಂತಾಯಿತು.

ಕೊನೆಯ ರೀಲು. ಅವಳು ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡು ಗಲ್ಲಿಯ ಉದ್ದಕ್ಕೂ ನಡೆದು ಹೋಗುತ್ತಾಳೆ. ಬೀಗದವನು ನೋಡುತ್ತಾ ನಿಂತಿದ್ದಾನೆ. ತಂಬಿನಲ್ಲಿ ಎಂಜಿನ್ನಿನ ಸದ್ದೊಂದೇ. ಅದರ ನಡುವೆ ಬೆಳಿಗ್ಗೆ ಮಾತಾಡಿದ ದೊಡ್ಡಾಕೆಯ ದನಿ ಕೇಳಿತು.

“ಆಕಿಗಿ ಗೊತ್ತದಬೇ. ಕುತ್ತಿಗಿ ನೋಡ್ರಿ. ಖಾಲಿ ಅದ ಅಂತ ಗೊತ್ತದ ಆಕಿಗಿ.”

“ಹೌದೌದು. ತಲಿ ಮ್ಯಾಲ ಹೊತ್ತಾಕಿಗಿ ವಜನ್ ತಿಳಿಯಂಗಿಲ್ಲೇನು?”

ಹೆಂಗಸರ ಕಡೆಯಿಂದ ಆ ಮಾತು ಅಡ್ಡ ಪರದೆ ದಾಟಿ ಗಂಡಸರ ಕಡೆ ಬಂತು. ದೀಪ ಹಚ್ಚಿದೆ. ಕಲ್ಲು ಬೀಳಲಿಲ್ಲ. ಚಪ್ಪಾಳೆಯೂ ಇಲ್ಲ. ಜನ ಮಾತಾಡುತ್ತಾ ಎದ್ದು ಹೋದರು. ಜಮಾದಾರನೂ ಯಾರ ಜೊತೆಗೋ ಕುತ್ತಿಗೆ ತೋರಿಸಿ ಏನೋ ಹೇಳುತ್ತಾ ಹೋದ. ಶೇಂಗಾ ಮಾರುವ ಮುದುಕಿ ಮಾತ್ರ ನನ್ನ ಹತ್ತಿರ ಬಂದು ಬುಟ್ಟಿ ತೋರಿಸಿದಳು. “ನೋಡು, ಹೆಂಗ ತಂದಿದ್ನೋ ಹಂಗೇ ಅದಾವ. ನಿನ್ನ ಸಿನೆಮಾದಾಗ ಯಾರೂ ಕೆಳಗ ನೋಡವಲ್ಲರು, ಶೇಂಗಾ ಹೆಂಗ ಒಡೀತಾರ?” ಖರೆ. ಮಾತಿನ ಸಿನೆಮಾದಲ್ಲಿ ಕಿವಿ ಕೇಳುತ್ತಿರುತ್ತದೆ, ಕಣ್ಣು ಎಲ್ಲಾದರೂ ಹೋಗಿ ಬರಬಹುದು. ಇದರಲ್ಲಿ ಒಂದು ಶೇಂಗಾ ಒಡೆಯುವುದರೊಳಗೆ ಏನೋ ಹೋಗಿಬಿಡುತ್ತದೆ.

ಮಾಲಕರು ಕ್ಯಾಬಿನ್ನಿಗೆ ಬಂದರು. ನಾನು ಮಷೀನಿನಿಂದ ಕೈ ತೆಗೆದು ನಿಂತೆ. ಅವರು ಖಾಲಿ ಪರದೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಕೇಳಿದರು.

“ಆ ಹೆಂಗಸ್ರು ಅಂದದ್ದು ಖರೇನಾ?”

“ಯಾವದ್ರಿ?”

“ಆಕಿಗಿ ಗೊತ್ತಿತ್ತಂತ.”

ನನಗೆ ಗೊತ್ತಿರಲಿಲ್ಲ. ಏಳೂ ರೀಲನ್ನು ಒಂದೊಂದು ಚಿತ್ರವಾಗಿ ಕೈಯಿಂದ ಸುತ್ತಿ ನೋಡಿದವನು ನಾನು. ಕುತ್ತಿಗೆ ನೋಡಿರಲಿಲ್ಲ. ರೀಲಿನ ಕೊನೆ ಬಿಚ್ಚಿ, ದೀಪದ ಮುಂದೆ ಫಿಲ್ಮು ಹಿಡಿದೆ. ಮಾಲಕರು ಕನ್ನಡಕ ಹಾಕಿಕೊಂಡು ಬಗ್ಗಿದರು. ಇಬ್ಬರೂ ನೋಡಿದೆವು. ಟ್ರಂಕು ತರುವಾಗಿನ ಚಿತ್ರ ಇನ್ನೊಂದು ರೀಲಿನಲ್ಲಿತ್ತು, ಅದನ್ನೂ ತೆಗೆದು ಪಕ್ಕದಲ್ಲಿ ಹಿಡಿದೆ. ಬರುವಾಗ ಅವಳ ಕುತ್ತಿಗೆಯ ನರ ಎದ್ದಿತ್ತು, ಒಂದು ಕೈ ಟ್ರಂಕಿನ ಮೇಲಿತ್ತು. ಹೋಗುವಾಗ ಕೈ ಕೆಳಗಿತ್ತು. ಕುತ್ತಿಗೆ ಸಡಿಲವಾಗಿ, ಖಾಲಿ ಕೊಡ ಹೊತ್ತವಳ ಹಾಗೆ.

“ಗೊತ್ತಿತ್ರಿ,” ಎಂದೆ.

“ಗೊತ್ತಿದ್ದೂ ಸುಮ್ಮ ಹೋದ್ಳು.”

“ಹ್ಞೂಂರಿ.”

ಮಾಲಕರು ಕನ್ನಡಕ ತೆಗೆದು ಒರೆಸಿದರು. ಹೊರಗೆ ಹೋಗಲು ಹೊರಟವರು ಬಾಗಿಲಲ್ಲಿ ನಿಂತರು.

“ನಾಳಿಗಿ ಟಾಂಗಾದಾಗ ಏನಂತ ಕೂಗ್ತಿ?”

“ಇವತ್ತ ಕೂಗಿದ್ದೇ ಕೂಗ್ತೀನ್ರಿ. ಮಾತಿಲ್ಲ, ಹಾಡಿಲ್ಲ.”

“ಮಾತಿಲ್ಲ ಅಂತಷ್ಟೇ ಕೂಗು. ಹಾಡಿನ ಸುದ್ದಿ ತಗೀಬ್ಯಾಡ.”

“ಹಾಡೂ ಇಲ್ಲಲ್ರೀ ಸಾವ್ಕಾರ್ರ.”

“ಇಲ್ಲಂತ ನಂಗೂ ಗೊತ್ತದಲೇ,” ಎಂದು ಹೋದರು.

ಮರುದಿನ ನಾನು ಎರಡೂ ಇಲ್ಲ ಎಂದೇ ಕೂಗಿದೆ.